ಈಚಲ ರಸದ ಅಳತೆ ಮತ್ತು ಬೆಲ್ಲದ ಲೆಕ್ಕ

(ರಾಯಚೂರು, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಒಕ್ಕಲಿಗರಿಗಾಗಿ ಉಪನ್ಯಾಸ)



ಕೃಷ್ಣೆಗೂ ತುಂಗಭದ್ರೆಗೂ ನಡುವಣ ಈ ಸೀಮೆಯಲ್ಲಿ ಈಚಲಮರವನ್ನು ಅರಿಯದವರಿಲ್ಲ. ದೇವದುರ್ಗದ ಕಡೆಯ ಹಳ್ಳಗಳ ದಂಡೆಯಲ್ಲಿಯೂ ಮಾನ್ವಿಯ ಕಡೆಯ ತಗ್ಗು ನೆಲಗಳಲ್ಲಿಯೂ ಬಿತ್ತದೆ, ನೀರೆರೆಯದೆ ಬೆಳೆಯತಕ್ಕ ಮರವಿದು. ಇದರ ರಸವನ್ನು ಹುಳಿಯಲು ಬಿಟ್ಟರೆ ಸೇಂದಿಯಾಗುವುದು. ಹುಳಿಯುವ ಮುನ್ನ ಕಾಯಿಸಿದರೆ ಬೆಲ್ಲವಾಗುವುದು. 1948ರ ವರೆಗೆ ನಡೆದ ನಿಜಾಮರ ಆಡಳಿತದಲ್ಲಿ ಸೇಂದಿಯ ಅಬಕಾರಿಯು ಬೊಕ್ಕಸದ ದೊಡ್ಡ ವರಮಾನಗಳಲ್ಲಿ ಒಂದಾಗಿದ್ದಿತು. ಆ ಲೆಕ್ಕವೆಲ್ಲವೂ ಸುಂಕದ್ದು. ಬೆಲ್ಲ ಮಾಡುವವನಿಗೆ ಬೇಕಾದ ಲೆಕ್ಕವೇ ಬೇರೆ. ರಸವೆಷ್ಟು, ಅದರಲ್ಲಿ ಸಿಹಿಯೆಷ್ಟು, ಸೌದೆಯೆಷ್ಟು, ಮರ ಹತ್ತಿದವನಿಗೆ ಸಲ್ಲಬೇಕಾದ ಕೂಲಿಯೆಷ್ಟು ಎಂಬಿವೇ ಆ ಲೆಕ್ಕದ ಅಂಗಗಳು. 1934ರಲ್ಲಿ ವಾರ್ಧಾದಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ತಾಳೆ, ಈಚಲುಗಳ ಬೆಲ್ಲವನ್ನು ಗ್ರಾಮದ ಕೈಗಾರಿಕೆಯಾಗಿ ಪ್ರಚಾರಕ್ಕೆ ತಂದಿತು. ಆದರೆ ಅಳತೆಯಿಲ್ಲದ ಕೈಗಾರಿಕೆಯು ಬಹುಕಾಲ ನಿಲ್ಲಲಾರದು.

ಪರದೇಶದ ಒಂದು ನಿದರ್ಶನ

ಕೆನಡಾ ಮತ್ತು ಅಮೆರಿಕದ ಈಶಾನ್ಯ ಪ್ರಾಂತಗಳಲ್ಲಿ ಮೇಪಲ್ ಎಂಬ ಮರದ ರಸದಿಂದ ಪಾಕವನ್ನು ಮಾಡುವರು. ರಾತ್ರಿ ಹಿಮಗಟ್ಟಿ ಹಗಲು ಕರಗುವ ಚಳಿಗಾಲದ ಕೊನೆಯಲ್ಲಿ ಆ ಮರವು ರಸವನ್ನು ಕೊಡುವುದು. ಅದರಲ್ಲಿ ಸಕ್ಕರೆಯು ನೂರಕ್ಕೆ ಸುಮಾರು 2 ಪಾಲು ಮಾತ್ರ. ವರ್ಮಾಂಟ್ ವಿಶ್ವವಿದ್ಯಾಲಯದ ಜೋನ್ಸ್ ಎಂಬವರು 1946ರಲ್ಲಿ ಒಂದು ಸುಲಭ ಸೂತ್ರವನ್ನು ಪ್ರಕಟಿಸಿದರು: 86ನ್ನು ರಸದ ಸಕ್ಕರೆಯ ಅಂಶದಿಂದ ಭಾಗಿಸಿದರೆ ಒಂದು ಅಳತೆ ಪಾಕಕ್ಕೆ ಎಷ್ಟು ಅಳತೆ ರಸ ಬೇಕೆಂಬುದು ಗೊತ್ತಾಗುವುದು. 2 ಪಾಲಿನ ರಸವಾದರೆ 43 ಅಳತೆ; 3 ಪಾಲಿನದಾದರೆ 29ಕ್ಕಿಂತಲೂ ಕಡಮೆ. ರಸದ ಪ್ರಮಾಣವೊಂದೇ ಸಾಲದು, ಅದರ ಸಿಹಿಯನ್ನೂ ಕೂಡಿಯೇ ಎಣಿಸಬೇಕೆಂಬುದು ಇದರಿಂದ ಸ್ಪಷ್ಟವಾಗುವುದು. ನಮ್ಮ ಈಚಲ ರಸವು ಇದಕ್ಕಿಂತ ಎಷ್ಟೋ ಪಾಲು ಸಿಹಿಯಾದುದು. ಒಳ್ಳೆಯ ರಸದಲ್ಲಿ ನೂರಕ್ಕೆ 10ರಿಂದ 12 ಪಾಲು, ಕೆಲವು ಸಾರಿ ಅದಕ್ಕೂ ಹೆಚ್ಚು ಸಕ್ಕರೆಯಿರುವುದು.

ಪ್ರಮಾಣದ ಅಳತೆ

ಮರಕ್ಕೆ ಕಟ್ಟುವ ಮಣ್ಣಿನ ಗಡಿಗೆಗಳು ಒಂದರಂತೆ ಒಂದು ಇರುವುದಿಲ್ಲ. ಆದುದರಿಂದ ಗಡಿಗೆಗಳನ್ನು ಎಣಿಸಿ ಲೆಕ್ಕ ಬರೆಯುವುದು ಲೆಕ್ಕವೇ ಅಲ್ಲ. ಸೇರಿನ ಅಳತೆಯೂ ಊರಿಂದೂರಿಗೆ ಬೇರೆಯಾಗಿದ್ದುದರಿಂದ ಲೀಟರಿನಲ್ಲಿಯೇ ಅಳೆಯುವುದು ಲೇಸು. ನೆಟ್ಟಗಿನ ಗೋಡೆಯುಳ್ಳ ಒಂದು ಲೋಹದ ಪಾತ್ರೆಯನ್ನು ಇದಕ್ಕಾಗಿಯೇ ಇಟ್ಟುಕೊಳ್ಳತಕ್ಕದ್ದು. ಒಂದೊಂದೇ ಲೀಟರು ನೀರನ್ನು ಹೊಯ್ಯುತ್ತ, ಬಿದಿರಿನ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ನೀರು ಮುಟ್ಟಿದಲ್ಲೆಲ್ಲ ಗೀರು ಹಾಕಬೇಕು. ಪಾತ್ರೆಯು ಹೊಟ್ಟೆಯುಳ್ಳದ್ದಾದರೆ ಗೀರುಗಳ ನಡುವಿನ ಅಂತರವು ಸಮವಾಗಿರುವುದಿಲ್ಲ. ಒಂದು ಪಾತ್ರೆಯ ಕಡ್ಡಿಯನ್ನು ಇನ್ನೊಂದಕ್ಕೆ ಬಳಸಲೇ ಕೂಡದು. ರಸವನ್ನು ಬಟ್ಟೆಯಲ್ಲಿ ಸೋಸಿ, ನೊರೆಯು ಇಳಿದ ಮೇಲೆಯೇ ಕಡ್ಡಿಯನ್ನು ಇಳಿಸಬೇಕು. ತಕ್ಕಡಿಯಿರುವಲ್ಲಿ ತೂಗುವುದೇ ಉತ್ತಮ, ಏಕೆಂದರೆ ನೊರೆಯು ತೂಕವನ್ನು ಕೆಡಿಸಲಾರದು. 11 ಡಿಗ್ರಿಯ ಒಂದು ಲೀಟರು ರಸವು ಸುಮಾರು 1 ಕಿಲೋ 44 ಗ್ರಾಮು ತೂಗುವುದು.

ಸಿಹಿಯ ಅಳತೆ

ಬ್ರಿಕ್ಸ್ ಮಾಪಕವೆಂಬ ತೇಲುಗಾಜನ್ನು ರಸದಲ್ಲಿ ಬಿಟ್ಟರೆ ನೂರು ಪಾಲು ತೂಕದಲ್ಲಿ ಕರಗಿದ ಪದಾರ್ಥವೆಷ್ಟೆಂಬುದನ್ನು ಅದು ತೋರಿಸುವುದು. ಈ ಗಾಜನ್ನು ಸಾಮಾನ್ಯವಾಗಿ 20 ಡಿಗ್ರಿ ಸೆಂಟಿಗ್ರೇಡಿನ ಶಾಖಕ್ಕೆ ಸರಿಹೊಂದಿಸಿರುವರು. ರಾಯಚೂರಿನಂಥ ಬಿಸಿಲೂರಿನಲ್ಲಿ ರಸವು 30 ಡಿಗ್ರಿಯಷ್ಟು ಬೆಚ್ಚಗಿದ್ದರೆ, ತೋರಿದ ಅಂಕಿಗೆ ಸುಮಾರು 0.7ನ್ನು ಕೂಡಿಸಬೇಕು. ಹುಳಿತ ರಸದಲ್ಲಿ ಈ ಅಳತೆಯನ್ನು ನಂಬಲಾಗದು: ಸಕ್ಕರೆಯು ಒಡೆದರೂ ಗಾಜು ಅಂಕಿಯನ್ನು ತೋರುವುದು, ಆದರೆ ಬೆಲ್ಲವು ಗಟ್ಟಿಯಾಗದು. ನೀಲಿ ಲಿಟ್ಮಸ್ ಕಾಗದವು ಕೆಂಪಾದರೆ ಆ ರಸವು ಕೆಡುತ್ತಿದೆಯೆಂದು ತಿಳಿಯಬೇಕು. ಇದನ್ನು ತಡೆಯಲು ಗಡಿಗೆಯ ಒಳಮೈಗೆ ಸುಣ್ಣ ಬಳಿಯುವುದು, ಸೂರ್ಯೋದಯಕ್ಕೆ ಮೊದಲೇ ಇಳಿಸುವುದು, ಅದೇ ಬೆಳಿಗ್ಗೆ ಕಾಯಿಸುವುದು ಅವಶ್ಯಕ.

ಲೆಕ್ಕವೂ ನ್ಯಾಯವೂ

ನೂರು ಲೀಟರು ರಸಕ್ಕೆ ಎಷ್ಟು ಡಿಗ್ರಿಯೋ ಸುಮಾರು ಅಷ್ಟು ಕಿಲೋ ಬೆಲ್ಲವೆಂದು ಎಣಿಸಬಹುದು. ಬೆಲ್ಲದಲ್ಲಿ ಉಳಿಯುವ ನೀರಿನಿಂದ ತೂಕವು ತುಸು ಹೆಚ್ಚಾದರೂ ಮಡ್ಡಿ ತೆಗೆಯುವುದರಲ್ಲಿ ತುಸು ಕಳೆದುಹೋಗುವುದು.

ಮೂವರು ಈಡಿಗರು ರಸ ತಂದರೆಂದು ಭಾವಿಸಿರಿ. ಮೊದಲನೆಯವನದು 20 ಲೀಟರು, 11 ಡಿಗ್ರಿ. ಎರಡನೆಯವನು ಅಂಥದೇ ರಸಕ್ಕೆ 2 ಲೀಟರು ನೀರು ಬೆರಸಿ 22 ಲೀಟರು ತಂದನು. ಅದು 10 ಡಿಗ್ರಿ. ಮೂರನೆಯವನದು 18 ಲೀಟರು, 13 ಡಿಗ್ರಿ. ಲೀಟರಿಗಿಷ್ಟೆಂದು ಹಣ ಕೊಟ್ಟರೆ ನೀರು ಬೆರಸಿದವನಿಗೆ ಹೆಚ್ಚು, ಎಲ್ಲರಿಗಿಂತ ಒಳ್ಳೆಯ ರಸ ತಂದವನಿಗೆ ಕಡಮೆ. ಲೀಟರನ್ನು ಡಿಗ್ರಿಯಿಂದ ಗುಣಿಸಿ ನೋಡಿರಿ: 220, 220, 234. ಬೆರಸಿದ ನೀರಿಗೆ ಕಾಸೂ ಸಿಕ್ಕದು, ಪ್ರಾಮಾಣಿಕನಿಗೆ ನಷ್ಟವಾಗದು. ಬೆಳಗಿನ ಜಾವದ ಚಳಿಯಲ್ಲಿ ಪ್ರಾಣವನ್ನು ಒತ್ತೆಯಿಟ್ಟು ಮರ ಹತ್ತುವವನ ಕೂಲಿಯನ್ನು ಕಣ್ಣಳತೆಗೆ ಬಿಡುವುದು ಧರ್ಮವಲ್ಲ. ಆದುದರಿಂದ ಅಳತೆಯು ಅವನ ಕಣ್ಣೆದುರಿಗೇ ನಡೆಯತಕ್ಕದ್ದು.

ಸೌದೆಯ ಲೆಕ್ಕವೂ ಇದರಲ್ಲಿಯೇ ಅಡಗಿದೆ. 11 ಡಿಗ್ರಿಯ 20 ಲೀಟರು ರಸದಿಂದ ಬೆಲ್ಲ ತೆಗೆಯಲು 18 ಕಿಲೋಗಿಂತ ಹೆಚ್ಚು ನೀರನ್ನು ಆವಿ ಮಾಡಬೇಕು. ಬೆರಸಿದ ಒಂದೊಂದು ಲೀಟರು ನೀರೂ ಒಲೆಯ ಸೌದೆಯನ್ನು ವ್ಯರ್ಥವಾಗಿ ತಿನ್ನುವುದು. ರಸವು ಉಕ್ಕುವುದರಿಂದ ಕೊಪ್ಪರಿಗೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು. ಪಾಕವು ಸುಮಾರು 115ರಿಂದ 118 ಡಿಗ್ರಿ ಸೆಂಟಿಗ್ರೇಡಿಗೆ ಬಂದಾಗ ಇಳಿಸಬೇಕು.

ಮರದ ಆರೋಗ್ಯ

ಈಚಲಿನಲ್ಲಿ ರಸವು ಗೊನೆಯಿಂದಲ್ಲ, ಸುಳಿಯ ಕೆಳಗೆ ಕೆತ್ತಿದ ಕಾಂಡದಿಂದ ಬರುವುದು. ದಿನವೂ ಕೆತ್ತಿದರೆ ಮರವು ಸೊರಗುವುದು. ಬಂಗಾಳದಲ್ಲಿ ಕೆಲವು ರಾತ್ರಿ ಇಳಿಸಿ, ಬಳಿಕ ಕೆಲವು ದಿನ ಗಾಯವನ್ನು ಒಣಗಲು ಬಿಡುವರು. ವಿಶ್ರಾಂತಿಯಾದ ಮೇಲಿನ ಮೊದಲ ರಾತ್ರಿಯ ರಸವೇ ಎಲ್ಲಕ್ಕಿಂತ ಶ್ರೇಷ್ಠ. ಒಂದು ವರ್ಷ ಒಂದು ಮಗ್ಗುಲನ್ನು ಕೆತ್ತಿದರೆ ಮರುವರ್ಷ ಎದುರು ಮಗ್ಗುಲನ್ನು ಕೆತ್ತುವರು. ಪ್ರತಿಯೊಂದು ಮರಕ್ಕೂ ಅಂಕಿ ಕೊಟ್ಟು, ತಾರೀಖು, ಎಷ್ಟನೆಯ ರಾತ್ರಿ, ಲೀಟರು, ಡಿಗ್ರಿ ಇವನ್ನು ಪುಸ್ತಕದಲ್ಲಿ ಬರೆದರೆ ಯಾವ ಮರ ದಣಿದಿದೆಯೆಂಬುದನ್ನು ಆ ಪುಸ್ತಕವೇ ಹೇಳುವುದು.

ಎರಡು ಎಚ್ಚರಿಕೆಗಳು. ಗಡಿಗೆಯ ಬಾಯನ್ನೂ ಕೆತ್ತಿದ ಭಾಗವನ್ನೂ ಬಿದಿರಿನ ತಟ್ಟಿಯಿಂದ ಮುಚ್ಚಬೇಕು. ಬಾಂಗ್ಲಾದೇಶದಲ್ಲಿ 2001ರಿಂದ ಕಾಣಿಸಿಕೊಂಡ ನಿಪಾ ಎಂಬ ಪ್ರಾಣಾಂತಿಕ ರೋಗವು ಬಾವಲಿಗಳು ಮುಟ್ಟಿದ ಹಸಿ ಈಚಲ ರಸದಿಂದ ಹರಡಿದುದು ಕಂಡುಬಂದಿದೆ. ಆದುದರಿಂದ ಹಸಿ ರಸವನ್ನು ಕುಡಿಯದೆ ಕಾಯಿಸಿಯೇ ಬಳಸುವುದು ಕ್ಷೇಮ. ಎರಡನೆಯದಾಗಿ, ಅಬಕಾರಿ ಇಲಾಖೆಯ ಅಪ್ಪಣೆಯಿಲ್ಲದೆ ಮರಕ್ಕೆ ಕತ್ತಿ ಹಚ್ಚಕೂಡದು.

ಸಾರಾಂಶ

1. ಗಡಿಗೆಯನ್ನು ಎಣಿಸದೆ ರಸವನ್ನು ಅಳೆಯಿರಿ ಇಲ್ಲವೆ ತೂಗಿರಿ.
2. ನೊರೆ ಇಳಿದ ಮೇಲೆ, ಹುಳಿಯುವ ಮೊದಲೇ ಅಳೆಯಿರಿ.
3. ಲೀಟರನ್ನು ಡಿಗ್ರಿಯಿಂದ ಗುಣಿಸಿ ಹಣ ಕೊಡಿರಿ.
4. ಮರಕ್ಕೊಂದು ಲೆಕ್ಕವಿಟ್ಟು, ದಣಿದ ಮರಕ್ಕೆ ಬಿಡುವು ಕೊಡಿರಿ.

ಅಳತೆಗೋಲಿಗೆ ಬೇಕಾದುದು ಒಂದು ಬಿದಿರಿನ ಕಡ್ಡಿ ಮಾತ್ರ. ಅದನ್ನು ನಿಷ್ಠೆಯಿಂದ ಬಳಸಿದರೆ ಮರ, ಒಲೆ, ಕೂಲಿ ಮೂರೂ ಉಳಿಯುವುವು.