ವಿಹಂಗಮ ಎಂದರೆ ಸುಂದರವೇ?

ಉಜಿರೆಯಿಂದ ಮೂಡಣಕ್ಕೆ ಹೊರಟರೆ ಚಾರ್ಮಾಡಿ ಘಾಟಿ. ಮಳೆಗಾಲದಲ್ಲಿ ರಸ್ತೆಯ ಬದಿಗೇ ಝರಿಗಳು ಧುಮುಕುತ್ತವೆ. ಅವನ್ನು ಕಂಡು ಬಂದವರು ಸಾಮಾನ್ಯವಾಗಿ ಹೇಳುವ, ಬರೆಯುವ ಮಾತು ಒಂದುಂಟು: 'ವಿಹಂಗಮ ಜಲಪಾತ'. ಅಕ್ಷರಶಃ ಇದಕ್ಕೆ 'ಹಕ್ಕಿ ಜಲಪಾತ' ಎಂದಷ್ಟೇ ಅರ್ಥ!

ವಿಹಾಯಸ್ ಎಂದರೆ ಆಕಾಶ. ಆಕಾಶದಲ್ಲಿ ಹೋಗುವುದು ವಿಹಗ, ವಿಹಂಗ, ವಿಹಂಗಮ. ಅಮರಕೋಶ ಈ ಮೂರನ್ನೂ ಹಕ್ಕಿಯ ಹೆಸರುಗಳ ಸಾಲಿನಲ್ಲಿಯೇ ಹೇಳುತ್ತದೆ. ವೇಗವಾಗಿ ಹೋಗುವ ಕುದುರೆ ತುರಂಗಮ, ಬಾಗಿ ಬಳುಕಿ ಸಾಗುವ ಹಾವು ಭುಜಂಗಮ. ಇದೂ ಅದೇ ಜಾತಿಯ ಪದ. ಚೆಲುವಿನ ಸೋಂಕು ಇದರಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ವಿಹಂಗಮ ನೋಟವೆಂದರೆ ಹಕ್ಕಿ ಮೇಲಿನಿಂದ ಕಾಣುವಂಥ ನೋಟ. ಬಿಡಿ ವಿವರಗಳು ಸಣ್ಣದಾಗಿ, ಇಡೀ ಪ್ರದೇಶ ಒಟ್ಟಾಗಿ ಕಣ್ಣಿಗೆ ಬೀಳುತ್ತದೆ. ಒಂದು ವಿಷಯದ ಸ್ಥೂಲ ಪರಿಚಯಕ್ಕೂ ಈ ಮಾತು ಸಲ್ಲುವುದು ಈ ಕಾರಣದಿಂದಲೇ. ಭಾಷಣಕಾರರಿಗೆ ಪ್ರಿಯವಾದ ಸಿಂಹಾವಲೋಕನ ಬೇರೆ. ಅದು ಸಿಂಹದಂತೆ ನಡೆದು ಬಂದ ದಾರಿಯನ್ನು ತಿರುಗಿ ನೋಡುವುದು.

ಹಾಗಾದರೆ ಸೌಂದರ್ಯ ಎಲ್ಲಿಂದ ಅಂಟಿಕೊಂಡಿತು? ಗಡಾಯಿಕಲ್ಲನ್ನು ನೆನೆಯಿರಿ. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಹೆಸರಿಟ್ಟ ಬಂಡೆಯದು. 1,800ಕ್ಕೂ ಹೆಚ್ಚು ಮೆಟ್ಟಿಲೇರಿ ನಿಂತರೆ ಕೆಳಗೆ ಗದ್ದೆ, ತೋಟ, ಕಾಡು ಹಾಸಿಕೊಂಡಿರುತ್ತವೆ. ಅದು ವಿಹಂಗಮವೂ ಹೌದು, ಸುಂದರವೂ ಹೌದು. ಎರಡೂ ಜೊತೆಯಾಗಿಯೇ ಒದಗುವುದರಿಂದ ಒಂದರ ಅರ್ಥ ಇನ್ನೊಂದಕ್ಕೆ ಹತ್ತಿಕೊಂಡಿರಬೇಕು. ಆದರೆ ಕೆಳಗಿನ ರಸ್ತೆಯಲ್ಲಿ ನಿಂತು ಅದೇ ಬಂಡೆಯನ್ನು ತಲೆಯೆತ್ತಿ ನೋಡಿದರೆ ಅದು ಭವ್ಯ, ವಿಹಂಗಮವಲ್ಲ.

ಇನ್ನೊಂದು ಬಗೆಯಿಂದಲೂ ಪರೀಕ್ಷಿಸಬಹುದು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡಗಳು ಕುಸಿದು ಸಂಚಾರ ನಿಂತಿತು. ತಪ್ಪಲಿನ ತೋಟಗಳಿಗೆ ಕೆಸರು ನುಗ್ಗಿತು. ಮೇಲಿನಿಂದ ನೋಡಿದರೆ ಅದೂ ವಿಹಂಗಮ ನೋಟವೇ. ಹಾನಿ ಎಷ್ಟು ದೂರಕ್ಕೆ ಹಬ್ಬಿದೆ ಎಂದು ತಿಳಿಯುವುದಕ್ಕೆ ಅಂಥ ನೋಟವೇ ಬೇಕು. ವಿಹಂಗಮವೆಂದರೆ ಮನೋಹರ ಎಂದಾದರೆ ಅಲ್ಲಿ ಈ ಮಾತನ್ನು ಆಡುವುದೇ ಕ್ರೌರ್ಯವಾದೀತು!

ಪದಗಳ ಅರ್ಥ ಬದಲಾಗುವುದು ಸಹಜವಲ್ಲವೇ ಎಂದು ಕೇಳಬಹುದು. ಸಹಜವೇ. ಆದರೆ ಚೆಲುವಿಗೆ ರಮ್ಯ, ರಮಣೀಯ, ಮನೋಹರ, ಸೊಗಸು ಎಂದು ಕನ್ನಡದಲ್ಲಿ ಮಾತುಗಳು ಹೇರಳ. ಮೇಲಿನಿಂದ ಕಂಡ ಸಮಗ್ರ ನೋಟಕ್ಕೆ ಇರುವುದು ಒಂದೆರಡೇ. ಅವನ್ನೂ ಆ ಗುಂಪಿಗೇ ಸೇರಿಸಿಬಿಟ್ಟರೆ ನಷ್ಟ ಭಾಷೆಗೆ.

ವಿಹಂಗಮ ಭಾರವೆನಿಸಿದವರಿಗೆ ಹಕ್ಕಿನೋಟ ಇದ್ದೇ ಇದೆ. ಸಂಸ್ಕೃತದ ಪಕ್ಷಿ ಹಳಗನ್ನಡದಲ್ಲಿ ಪಕ್ಕಿ, ಮುಂದೆ ಹಕ್ಕಿ. ಉಜಿರೆಯ ತುಳುವರ ಬಾಯಲ್ಲಿ ಇಂದಿಗೂ ಪಕ್ಕಿಯೇ. ಈ ಪದದಲ್ಲಿ ಹಕ್ಕಿ ಎದುರಿಗೇ ಕಾಣುವುದರಿಂದ, 'ಹಕ್ಕಿನೋಟದ ಜಲಪಾತ' ಎಂದು ಬರೆಯಹೊರಟವರ ಕೈ ತಾನಾಗಿ ತಡೆದೀತು.