ಪೂರ್ವಪಕ್ಷವಿಲ್ಲದ ಓದು: ವಯಸ್ಕರ ಯಹೂದಿ ಅಧ್ಯಯನ ಮತ್ತು ಅಂತರ್ಜಾಲ

ವಯಸ್ಕರ ಯಹೂದಿ ಅಧ್ಯಯನಕ್ಕೆ ಇಂದು ಅಂತರ್ಜಾಲದಲ್ಲಿ ಒದಗಿರುವ ಸಾಮಗ್ರಿಯನ್ನು ಕಂಡು ಸಂತೋಷಪಡದ ವಿದ್ವಾಂಸರು ವಿರಳ. ಆ ಸಂತೋಷದಲ್ಲಿ ಪಾಲ್ಗೊಂಡೇ, ಗ್ರಂಥ ಕೈಗೆ ಸಿಕ್ಕುವುದನ್ನೇ ಅಧ್ಯಯನವೆಂದು ಭಾವಿಸಿದಲ್ಲಿ ಈ ಕ್ಷೇತ್ರ ದಾರಿ ತಪ್ಪಿತೆಂಬ ಮಾತನ್ನು ಸಂಕಿರಣದ ಆರಂಭದಲ್ಲೇ ಸಭೆಯ ಮುಂದಿಡುವುದು ಉಚಿತ. ಗ್ರಂಥಪಾಲಕರನ್ನೂ ಧರ್ಮಶಾಸ್ತ್ರಜ್ಞರನ್ನೂ ತಂತ್ರಜ್ಞರನ್ನೂ ಒಂದೆಡೆ ಸೇರಿಸಿದ ಸಂಘಟಕರಿಗೆ ಕೃತಜ್ಞತೆ ಸಲ್ಲಲೇಬೇಕು.

ಸಾಧನೆಯ ಇತಿಹಾಸವನ್ನು ಬರೆದವರೇ ಮುಂದಿನ ಸಾಲಿನಲ್ಲಿ ಕುಳಿತಿರುವುದರಿಂದ ಅದನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಧಾರ್ಮಿಕ ಕಾನೂನಿನ ಪ್ರಶ್ನೆಗಳಿಗೆ ರಬ್ಬಿಗಳು ಬರೆದುಕೊಟ್ಟ ಉತ್ತರಗಳನ್ನು ಗಣಕಕ್ಕೆ ಏರಿಸಲು 1963ರಲ್ಲಿ ಇಸ್ರೇಲಿನಲ್ಲಿ ಆರಂಭವಾಗಿ ಮುಂದೆ ಬಾರ್ ಇಲಾನ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ಯೋಜನೆ ಪಂಡಿತರ ಶ್ರಮವನ್ನು ಹಗುರಗೊಳಿಸಿದರೆ, ಸೆಫಾರಿಯಾ ಎಂಬ ಉಚಿತ ಗ್ರಂಥಭಂಡಾರವು 2017ರಿಂದ ರಬ್ಬಿ ಆದಿನ್ ಸ್ಟೈನ್‌ಸಾಲ್ಟ್ಸ್ ಅವರ ಇಂಗ್ಲಿಷ್ ಮತ್ತು ಆಧುನಿಕ ಹೀಬ್ರೂ ಅನುವಾದಗಳೊಡನೆ ಯಹೂದಿ ಧರ್ಮಶಾಸ್ತ್ರದ ಚರ್ಚಾಗ್ರಂಥವಾದ ತಾಲ್ಮುಡ್ಡನ್ನು ಸಾಮಾನ್ಯ ಓದುಗರಿಗೂ ತೆರೆದಿಟ್ಟಿತು. ದಿನಕ್ಕೊಂದು ಹಾಳೆಯಂತೆ ತಾಲ್ಮುಡ್ಡಿನ 2,711 ಹಾಳೆಗಳನ್ನು ಸುಮಾರು ಏಳೂವರೆ ವರ್ಷಗಳಲ್ಲಿ ಓದಿ ಮುಗಿಸುವ ‘ದಾಫ್ ಯೋಮಿ’ ಕ್ರಮವನ್ನು 1923ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಸೂಚಿಸಿದವರು ರಬ್ಬಿ ಮೇಯರ್ ಶಪೀರೋ. ಮಿಷೆಲ್ ಕೋಹೆನ್ ಫಾರ್ಬರ್ ಅವರ ‘ಹದ್ರಾನ್’ ಇಂದು ಅದೇ ಹಾಳೆಯ ದಿನನಿತ್ಯದ ಪಾಠವನ್ನು, ತಲೆಮಾರುಗಳ ಕಾಲ ಈ ಓದಿನಿಂದ ಹೊರಗುಳಿದ ಮಹಿಳೆಯರಿಗೆ ತಲುಪಿಸುತ್ತಿರುವುದು ಸಣ್ಣ ಸಂಗತಿಯಲ್ಲ.

ಆದರೆ ತಾಲ್ಮುಡ್ಡಿನ ಮೊದಲ ಪುಟವನ್ನೇ ಪರದೆಯ ಮೇಲೆ ತೆರೆದು ನೋಡಿದರೆ ತೊಡಕು ಕಾಣುತ್ತದೆ. ದೇವರ ಏಕತ್ವವನ್ನು ಸಾರುವ ‘ಶೆಮಾ’ವನ್ನು ಸಂಜೆ ಯಾವ ಹೊತ್ತಿನಿಂದ ಪಠಿಸಬಹುದೆಂದು ಮೂಲಸೂತ್ರವಾದ ಮಿಷ್ನಾ ಕೇಳುತ್ತದೆ, ಪಠಿಸಬೇಕೆಂಬ ವಿಧಿಯನ್ನೇ ಹೇಳದೆ ಹೊತ್ತಿನ ವಿಚಾರಕ್ಕೆ ಕೈಹಾಕಿದ್ದೇಕೆ, ಬೆಳಗನ್ನು ಬಿಟ್ಟು ಸಂಜೆಯಿಂದ ತೊಡಗಿದ್ದೇಕೆ ಎಂದು ಅದರ ಮೇಲಿನ ಚರ್ಚೆಯಾದ ಗೆಮಾರಾ ಆಕ್ಷೇಪಿಸುತ್ತದೆ. ಅರಮಾಯಿಕ್ ಭಾಷೆಯ ಕೆಲವೇ ಪದಗಳಲ್ಲಿರುವ ಈ ಆಕ್ಷೇಪದ ಎದುರು ಓದುಗ ಮೊದಲು ಮುಗ್ಗರಿಸಬೇಕು. ಇಂಗ್ಲಿಷ್ ಪಾಠದಲ್ಲಾದರೋ ಮೂಲದ ಪದಗಳು ದಪ್ಪಕ್ಷರದಲ್ಲಿಯೂ ಅವುಗಳ ನಡುವಿನ ವಿವರಣೆ ತೆಳುವಾದ ಅಕ್ಷರದಲ್ಲಿಯೂ ಒಂದೇ ವಾಕ್ಯವಾಗಿ ಹೆಣೆದುಕೊಂಡಿರುವುದರಿಂದ, ಅರ್ಥದ ಕಂದರವೊಂದು ಇತ್ತೆಂಬುದು ಓದುಗನಿಗೆ ತಿಳಿಯುವ ಮೊದಲೇ ಅದು ಮುಚ್ಚಿಹೋಗಿರುತ್ತದೆ. ಹವ್ರುತಾ ಎಂಬ ಜೋಡಿ ಓದಿನಲ್ಲಿ, ಅಂದರೆ ಇಬ್ಬರು ಎದುರುಬದುರು ಕುಳಿತು ಒಂದೇ ಪಾಠವನ್ನು ಗಟ್ಟಿಯಾಗಿ ಓದಿ ವಾದಿಸುವ ಪದ್ಧತಿಯಲ್ಲಿ, ಹಾಗಾಗಲು ಜೊತೆಗಾರ ಬಿಡುವುದಿಲ್ಲ.

ಈ ಸಂದರ್ಭಕ್ಕೆ ತಾಲ್ಮುಡ್ಡಿನ ಬಾವಾ ಮೆತ್ಸಿಯಾ ಭಾಗದಲ್ಲಿ ಬರುವ ಒಂದು ಪ್ರಸಂಗ ತಕ್ಕುದಾಗಿದೆ. ಓದಿನ ಜೊತೆಗಾರನಾದ ರೇಶ್ ಲಾಕಿಶ್ ತೀರಿಕೊಂಡ ಮೇಲೆ ದುಃಖದಲ್ಲಿ ಮುಳುಗಿದ ರಬ್ಬಿ ಯೋಹಾನಾನರನ್ನು ಸಂತೈಸಲು ಪಂಡಿತರು ಎಲಾಜಾರ್ ಬೆನ್ ಪೆದಾತ್ ಎಂಬ ಸೂಕ್ಷ್ಮಮತಿಯನ್ನು ಕಳಿಸುತ್ತಾರೆ. ಯೋಹಾನಾನರು ಏನು ಹೇಳಿದರೂ ಅದಕ್ಕೆ ಸಮರ್ಥನೆಯಾಗಿ ಆತ ಒಂದು ಪ್ರಮಾಣವಚನವನ್ನು ಒದಗಿಸುತ್ತಾನೆ. ಅದರಿಂದ ಅವರ ಸಂಕಟ ಇನ್ನೂ ಹೆಚ್ಚುತ್ತದೆ. ತಮ್ಮ ಒಂದೊಂದು ಮಾತಿಗೂ ಇಪ್ಪತ್ನಾಲ್ಕು ಆಕ್ಷೇಪಗಳನ್ನೆತ್ತಿ, ಇಪ್ಪತ್ನಾಲ್ಕು ಸಮಾಧಾನಗಳನ್ನು ಹೇಳಿಸಿ, ಶಾಸ್ತ್ರವನ್ನು ಬೆಳೆಸುತ್ತಿದ್ದ ಗೆಳೆಯನನ್ನು ಅವರು ಹಂಬಲಿಸುತ್ತಾರೆ. ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷಕ್ಕೆ ಇರುವ ಗೌರವವನ್ನು ಬಲ್ಲವರಿಗೆ ಈ ಹಂಬಲ ಅಪರಿಚಿತವಲ್ಲ. ಪದವೊಂದನ್ನು ಒತ್ತಿದ ಕೂಡಲೇ ಹತ್ತು ವ್ಯಾಖ್ಯಾನಗಳನ್ನು ಮುಂದೆ ಹರಡುವ ಇಂದಿನ ಸಾಧನಗಳೆಲ್ಲವೂ ಎಲಾಜಾರನ ಕೆಲಸವನ್ನು ಅದ್ಭುತವಾಗಿ ಮಾಡುತ್ತಿವೆ. ರೇಶ್ ಲಾಕಿಶನ ಕೆಲಸವನ್ನು ಯಾವುದೂ ಮಾಡುತ್ತಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು, ಏಡನ್ನಿನಿಂದ ಬರುತ್ತಿದ್ದ ಕಾಗದವನ್ನಷ್ಟೇ ಅಲ್ಲದೆ ಬಂದ ಪತ್ರಗಳ ಹಿಂಬದಿಯನ್ನೂ ಬರವಣಿಗೆಗೆ ಬಳಸಿದವನು. ಕೈರೋದ ಗೆನಿಜಾ ಸಂಗ್ರಹದಲ್ಲಿ ಉಳಿದ ಅವನ ಪತ್ರಗಳನ್ನು ಇಂದು ಅಂತರ್ಜಾಲದಲ್ಲಿ ಓದಬಹುದು. ಕಾಗದಕ್ಕೂ ಬರವಿದ್ದ ಕರಾವಳಿಯಲ್ಲಿ ಅವನಿಗೆ ಪತ್ರಕ್ಕೆ ಪತ್ರ ಬರೆಯುವವರಿದ್ದರು. ಇಂದಿನ ಒಂಟಿ ಓದುಗನಿಗೆ ಗ್ರಂಥಗಳ ಬರವಿಲ್ಲ, ಮಾರುತ್ತರ ಕೊಡುವವರ ಬರವಿದೆ. ಫ್ರಾಂಕ್‌ಫರ್ಟಿನಲ್ಲಿ 1920ರಲ್ಲಿ ಫ್ರಾಂಜ್ ರೋಸೆನ್‌ಜ್ವೈಗ್ ಮುನ್ನಡೆಸಿದ ವಯಸ್ಕರ ವಿದ್ಯಾಕೇಂದ್ರದಲ್ಲಿ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಸ್ಟ್ರೌಸ್ ಬೈಬಲ್ ಪಾಠ ನಡೆಸಿದ್ದು, ಬದುಕಿನಲ್ಲಿ ಪಳಗಿದವರ ಪ್ರಶ್ನೆಗಳಿಂದಲೇ ಪಾಠ ಬೆಳೆಯುತ್ತದೆಂಬ ನಂಬಿಕೆಯಿಂದ. ವಯಸ್ಕರಿಗಾಗಿ ರೂಪಿಸಿದ ತಾಣಗಳಲ್ಲಿ ಆ ನಂಬಿಕೆ ಇನ್ನೂ ಬೇರೂರಿಲ್ಲ.

ದೂರದೂರದ ಇಬ್ಬರನ್ನು ಅಂತರ್ಜಾಲದ ಮೂಲಕ ಜೋಡಿಸುವ ‘ಪ್ರಾಜೆಕ್ಟ್ ಜುಗ್’ನಂಥ ಪ್ರಯತ್ನಗಳು ಈ ಕೊರತೆಯನ್ನು ಗುರುತಿಸಿವೆಯಾದರೂ, ಅಪರಿಚಿತನ ಮಾತನ್ನು ಮುರಿಯುವ ಸಲಿಗೆ ಎಲ್ಲಿಂದ ಬರಬೇಕೆಂಬುದು ಬಗೆಹರಿದಿಲ್ಲ. ಇದಕ್ಕೆ ಇನ್ನೊಂದು ತೊಡಕೂ ಸೇರಿದೆ: ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್ ಆಚರಿಸುವ ಸಂಪ್ರದಾಯಸ್ಥರು ಪರದೆಯನ್ನು ಮುಟ್ಟುವುದಿಲ್ಲವಾದ್ದರಿಂದ, ಓದಿಗೆ ಹೆಚ್ಚು ಬಿಡುವಿರುವ ದಿನದಂದೇ ಪರದೆಯ ಜೊತೆಗಾರನೂ ಇಲ್ಲವಾಗುತ್ತಾನೆ. ಹತ್ತಿರದಲ್ಲಿ ಸಿನಗಾಗ್ ಕೂಡ ಇಲ್ಲದ ಊರಿನಲ್ಲಿ ಐವತ್ತರ ವಯಸ್ಸಿಗೆ ಓದು ಆರಂಭಿಸಿದವರಿಗೆ ತಕ್ಕ ಪ್ರತಿವಾದಿಯನ್ನು ಹೇಗೆ ಒದಗಿಸಬಹುದೆಂಬುದನ್ನು, ಸಾಮಗ್ರಿಯ ಪಟ್ಟಿಯನ್ನು ಹಿಗ್ಗಿಸುವ ಮೊದಲು, ತಂತ್ರಜ್ಞರೂ ರಬ್ಬಿಗಳೂ ಜೊತೆಯಾಗಿ ಕೂರಲಿರುವ ಮಧ್ಯಾಹ್ನದ ಗೋಷ್ಠಿ ಕೈಗೆತ್ತಿಕೊಳ್ಳಬೇಕಾಗಿದೆ.