ಅಡುಗೆಮನೆಯ ದುಡಿಮೆಗೆ ಬೆಲೆ



ಚೆನ್ನೈಯಲ್ಲಿ ಕನ್ನಡನಾಡಿನವರ ಉದ್ಯಮವೆಂದರೆ ಮೊದಲು ನೆನಪಾಗುವುದು ಉಡುಪಿ ಹೋಟೆಲು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಈ ನಗರದ ಚರಿತ್ರೆಯಲ್ಲಿಯೇ ಸೇರಿಹೋಗಿದೆ. ಆ ಕೀರ್ತಿ ನ್ಯಾಯವಾದುದೇ. ಆದರೆ ಹೋಟೆಲಿನ ಅಡುಗೆಗೆ ಸಂಬಳವಿತ್ತು. ಮನೆಯ ಅಡುಗೆಗೆ ಇರಲಿಲ್ಲ. ಗಂಡನ ವರ್ಗಾವಣೆಯ ಬೆನ್ನಿಗೆ ಇಲ್ಲಿಗೆ ಬಂದು, ತಮಿಳು ಬಾರದೆ, ನೌಕರಿ ದೊರೆಯದೆ ಉಳಿದ ಎಷ್ಟೋ ಹೆಣ್ಣುಮಕ್ಕಳು ಹಪ್ಪಳ, ಸಂಡಿಗೆ, ಸಾರಿನ ಪುಡಿಗಳನ್ನು ಪರಿಚಿತರಿಗೆ ಮಾಡಿಕೊಡುತ್ತ ಬಂದಿದ್ದಾರೆ. ನಾವು ಅದನ್ನು ಉದ್ಯಮವೆನ್ನಲಿಲ್ಲ. ಕೈರುಚಿಯನ್ನು ಹೊಗಳಿ ಸುಮ್ಮನಾದೆವು. ಆ ದುಡಿಮೆಗೆ ಸರಿಯಾದ ಬೆಲೆ ಸಲ್ಲಬೇಕೆಂಬುದೇ ನನ್ನ ಇಂದಿನ ಮಾತು.

ಒಂದು ಲೆಕ್ಕ ನೋಡೋಣ. ಒಂದು ಕಿಲೋ ಚಟ್ನಿಪುಡಿಗೆ ಸಾಮಗ್ರಿ 300 ರೂಪಾಯಿ, ಗ್ಯಾಸು ಮತ್ತು ಚೀಲಕ್ಕೆ 50 ಎಂದಿಟ್ಟುಕೊಳ್ಳಿ. ಅದನ್ನು 400ಕ್ಕೆ ಮಾರಿ 50 ರೂಪಾಯಿ ಉಳಿಯಿತೆಂದು ಹಿಗ್ಗುತ್ತೇವೆ. ಹುರಿದು, ಪುಡಿಮಾಡಿ, ತೂಗಿ, ಕಟ್ಟಲು ಮೂರು ಗಂಟೆ ಹಿಡಿದಿದ್ದರೆ ಗಂಟೆಗೆ 17 ರೂಪಾಯಿಯೂ ದಕ್ಕಲಿಲ್ಲ. ನಮ್ಮ ಕೂಲಿಯನ್ನು ನಾವೇ ಲೆಕ್ಕಕ್ಕೆ ಹಿಡಿಯದಿದ್ದರೆ ಬೇರಾರು ಹಿಡಿದಾರು?

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಗುಜರಾತಿ ಮಹಿಳೆಯರು 80 ರೂಪಾಯಿ ಸಾಲ ಪಡೆದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸತೊಡಗಿದರು. ಅದೇ ಇಂದಿನ ಲಿಜ್ಜತ್ ಸಂಸ್ಥೆ. ಹಪ್ಪಳ ಎಲ್ಲರ ಮನೆಯಲ್ಲಿಯೂ ಇತ್ತು. ಲಟ್ಟಿಸುವವಳೇ ಒಡತಿ, ಲಾಭದಲ್ಲಿ ಅವಳಿಗೂ ಪಾಲು ಎಂಬ ಕಟ್ಟುಪಾಡು ಅವರದಾಗಿತ್ತು. ಒಬ್ಬೊಬ್ಬರೇ ಸೋಲುವ ಕಡೆ ನಾಲ್ವರು ಕೂಡಿ ನಿಲ್ಲಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಾನೂನಿನ ಭಯವೂ ಬೇಡ, ಉದಾಸೀನವೂ ಬೇಡ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮನೆಯಲ್ಲಿ ತಯಾರಿಸಿ ಮಾರುವವರೂ ನೋಂದಣಿ ಮಾಡಿಸಬೇಕು. 2020ರ ಜುಲೈಯಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಪೊಟ್ಟಣದ ಮೇಲೆ ಒಳಸಾಮಗ್ರಿ, ತೂಕ, ತಯಾರಿಸಿದ ದಿನ, ವಿಳಾಸಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಬೇರೆ ಭಾಷೆಯನ್ನು ಅಚ್ಚುಹಾಕಲು ಅಡ್ಡಿಯಿಲ್ಲ. ಕನ್ನಡದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯೋಣ. ಪಕ್ಕದಲ್ಲಿ ತಮಿಳನ್ನೂ ಬರೆಯೋಣ.

ತಮಿಳೇಕೆ ಎಂದು ಕೆಲವರು ಕೇಳಬಹುದು. ನಮ್ಮವರಿಗೆ ಮಾತ್ರ ಮಾರಿದರೆ ಅದು ಹಬ್ಬದ ವ್ಯಾಪಾರ. ನೆರೆಯವರಿಗೆ ಮಾರಿದರೆ ವರ್ಷದ ವ್ಯಾಪಾರ. ಉಡುಪಿ ಹೋಟೆಲುಗಳು ಇಲ್ಲಿ ಬೆಳೆದದ್ದು ತಮಿಳರ ನಾಲಗೆಯನ್ನು ಗೆದ್ದುದರಿಂದ. ಕೊಳ್ಳುವವರ ಭಾಷೆಯಲ್ಲಿ ನಾಲ್ಕು ಮಾತು ಕಲಿತರೆ ನಮ್ಮ ಕನ್ನಡ ಕುಂದುವುದಿಲ್ಲ. ಈ ಊರಿನ ಹವೆಯನ್ನೂ ಅರಿಯಬೇಕು: ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆಯಲ್ಲಿ ಸಂಡಿಗೆ ಒಣಗದು. ಅದನ್ನು ಬೇಸಗೆಯಲ್ಲಿಯೇ ಮಾಡಿ, ಮಳೆಗಾಲಕ್ಕೆ ಪುಡಿಗಳನ್ನು ಇರಿಸಿಕೊಳ್ಳುವುದು ಜಾಣತನ.

ಕೊನೆಗೆ ಸಂಘಗಳಿಗೊಂದು ವಿನಂತಿ. ರಾಜ್ಯೋತ್ಸವದ ಪಂಕ್ತಿಗೆ ಬೇಕಾದ ಹಪ್ಪಳವನ್ನು ಈ ಮಹಿಳೆಯರಿಂದಲೇ ಕೊಳ್ಳಿರಿ. ‘ನಮ್ಮವರೇ ಅಲ್ಲವೇ’ ಎಂದು ಬೆಲೆ ಇಳಿಸಬೇಡಿರಿ. ನಮ್ಮವರೆಂಬ ಕಾರಣಕ್ಕಾಗಿಯೇ ಪೂರ್ತಿ ಹಣವನ್ನು ಅಂದೇ ಕೈಗಿಡಿರಿ.